ಕಂದಿನ ವಂಶ, ಬೀಜದ ವಂಶ



ಕಳೆದ ಮಾಘಮಾಸದಲ್ಲಿ ನಮ್ಮ ಅಕ್ಕನ ಮಗಳ ವಿವಾಹವು ನೆರವೇರಿತು. ಚಪ್ಪರದ ಕಂಬಗಳಿಗೆ ಗೊನೆಸಹಿತವಾದ ಬಾಳೆಯನ್ನು ಕಟ್ಟುತ್ತಿದ್ದಾಗ ಬೀಗರ ಕಡೆಯ ಹಿರಿಯರೊಬ್ಬರು ನಮ್ಮತ್ತ ತಿರುಗಿ, “ಏನು ಸ್ವಾಮಿ, ನಂಜನಗೂಡಿನವರಾಗಿ ರಸಬಾಳೆಯನ್ನೇ ತರಲಿಲ್ಲವಲ್ಲ! ನಿಮ್ಮೂರಿನ ಹಣ್ಣಿಲ್ಲದೆ ಮದುವೆಯೇ?” ಎಂದು ವಿನೋದಕ್ಕಾಗಿ ಕೇಳಿದರು. ನೆರೆದವರೆಲ್ಲ ನಕ್ಕರು. ಅಕ್ಕ ಮಾತ್ರ ನಗದೆ ಒಳಮನೆಗೆ ಹೊರಟುಹೋದಳು. ನಾವು ಮಾತನ್ನು ಬೇರೆಡೆಗೆ ತಿರುಗಿಸಿದೆವು.

ಆ ಮೌನಕ್ಕೆ ಕಾರಣವಿತ್ತು. 2008ರಲ್ಲಿ ಅಕ್ಕ ಮತ್ತು ಭಾವನವರು ಚಾಮರಾಜನಗರ ಸೀಮೆಯ ತಮ್ಮ ಊರಿನಲ್ಲಿ ಹೊಸ ಮನೆಯನ್ನು ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, ನಮ್ಮ ಅವ್ವ ತವರಿನ ಉಡುಗೊರೆಯೆಂದು ಸೀರೆ ಪಾತ್ರೆಗಳೊಡನೆ ಹಿತ್ತಲಿನ ರಸಬಾಳೆಯ ಹನ್ನೆರಡು ಕಂದುಗಳನ್ನು ಗೆಡ್ಡೆಸಹಿತ ಅಗೆದು, ಗೋಣಿತಾಟಿನಲ್ಲಿ ಸುತ್ತಿ ಕೊಟ್ಟಿದ್ದರು. ಹನ್ನೊಂದು ಬದುಕಿದವು. ಮರುವರ್ಷ ಬಿಟ್ಟ ಗೊನೆಗಳ ಪರಿಮಳ ಬೀದಿಯವರೆಗೂ ಬರುತ್ತಿತ್ತೆಂದು ಅಕ್ಕ ಹೇಳಿ ಕಳುಹಿಸಿದಾಗ ಅವ್ವನಿಗಾದ ಹಿಗ್ಗು ಅಷ್ಟಿಷ್ಟಲ್ಲ. ಭಾವನವರು ಅದೇ ಬುಡಗಳಿಂದ ಕಂದು ತೆಗೆದು ಹತ್ತು ಗುಂಟೆಗೆ ಹಾಕಿದರು. ಮೂರನೆಯ ವರ್ಷ ಎಲ್ಲವೂ ಹೋಯಿತು. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಯಿತು. ಬಳಿಕ ಎಲೆಗಳು ತೊಟ್ಟಿನಲ್ಲಿಯೇ ಮುರಿದು ಕಾಂಡದ ಸುತ್ತ ಲಂಗದಂತೆ ಜೋತುಬಿದ್ದವು. ಬುಡದ ಬಳಿ ಕಾಂಡ ಉದ್ದುದ್ದವಾಗಿ ಸೀಳಿತು. ಕಡಿದು ನೋಡಿದರೆ ಗೆಡ್ಡೆಯ ಒಳಗೆ ಕೆಂಪುಮಿಶ್ರಿತ ಕಂದು ಬಣ್ಣದ ಗೆರೆಗಳು. ಭಾವನವರ ತಾಯಿ ಒಮ್ಮೆ ಬೇಸರದಲ್ಲಿ, “ತವರಿನವರ ಕೈಗುಣ” ಎಂದುಬಿಟ್ಟರು. ಆ ಮಾತು ಹೇಗೋ ಅವ್ವನ ಕಿವಿಗೆ ಬಿತ್ತು. 2016ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ, ಬಾಳೆಯ ಮಾತು ಬಂದಾಗಲೆಲ್ಲ ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದುದನ್ನು ನಾವು ಕಂಡಿದ್ದೇವೆ.

ಕೈಗುಣವೆಂಬ ಮಾತಿಗೆ ಅರ್ಥವಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಡೆದುದೇನೆಂಬುದನ್ನು ತಿಳಿಯಬೇಕಾದರೆ, ಜೀವಿಗಳು ತಮ್ಮ ಸಂತತಿಯನ್ನು ಮುಂದುವರಿಸುವ ಎರಡು ದಾರಿಗಳನ್ನು ಅರಿಯಬೇಕಾಗುತ್ತದೆ. ಶಾಲೆಯ ಪುಸ್ತಕದ ಈ ಪಾಠವನ್ನು ಎಷ್ಟೋ ಉಪಾಧ್ಯಾಯರು “ಮನೆಯಲ್ಲಿ ಓದಿಕೊಳ್ಳಿ” ಎಂದು ದಾಟಿಸಿಬಿಡುವುದುಂಟು. ಮನೆಯಲ್ಲಿ ಹಿರಿಯರು ಪುಟ ತಿರುಗಿಸುತ್ತಾರೆ. ಹಿತ್ತಲಿನಲ್ಲಿಯೂ ಅಡುಗೆಮನೆಯಲ್ಲಿಯೂ ದಿನವೂ ನಡೆಯುವ ವ್ಯಾಪಾರವನ್ನು ಕುರಿತು ಇಷ್ಟು ಸಂಕೋಚವೇಕೋ ನಮಗೆ ತಿಳಿಯದು. ಈ ತಿಂಗಳ ಅಂಕಣವನ್ನು ಮನೆಯ ಮಕ್ಕಳೊಡನೆ ಕುಳಿತೇ ಓದಬಹುದು.

ಅಡುಗೆಮನೆಯಿಂದಲೇ ಆರಂಭಿಸೋಣ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆಯ ಹೆಪ್ಪು ಹಾಕಿದರೆ ಬೆಳಗಿಗೆ ಗಟ್ಟಿಮೊಸರು ಸಿದ್ಧವಾಗಿರುತ್ತದೆ. ಹೆಪ್ಪಿನಲ್ಲಿರುವ ಸೂಕ್ಷ್ಮಾಣುಗಳು ಹಾಲಿನ ಸಕ್ಕರೆಯನ್ನುಂಡು, ಒಂದೊಂದೂ ನಡುವೆ ಇಬ್ಭಾಗವಾಗಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಹತ್ತು ಬಾರಿ ಇಮ್ಮಡಿಯಾದರೆ ಒಂದಿದ್ದುದು 1024 ಆಗುತ್ತದೆ. ಇಲ್ಲಿ ಗಂಡಿಲ್ಲ, ಹೆಣ್ಣಿಲ್ಲ. ತಾಯಿ ಸತ್ತು ಮಗು ಹುಟ್ಟಿತೆನ್ನುವಂತೆಯೂ ಇಲ್ಲ, ತಾಯಿಯೇ ಎರಡು ಮಕ್ಕಳಾಗಿರುತ್ತಾಳೆ. ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದ ಹೆಪ್ಪು ಮೂವತ್ತು ವರ್ಷ ಒಂದೇ ರುಚಿಯನ್ನು ಕೊಟ್ಟಿದ್ದರೆ ಅದಕ್ಕೆ ಇದೇ ಕಾರಣ. ಇದನ್ನು ನಿರ್ಲಿಂಗ ಸಂತಾನೋತ್ಪತ್ತಿ ಎನ್ನುತ್ತಾರೆ. ಒಂದೇ ಜೀವಿಯಿಂದ, ಬೇರೊಂದರ ನೆರವಿಲ್ಲದೆ, ಅದರದೇ ಪಡಿಯಚ್ಚಿನಂಥ ಸಂತತಿ ಹುಟ್ಟುವುದೇ ಇದರ ಲಕ್ಷಣ. ನಾವು ಬಾಲ್ಯದಲ್ಲಿ ಕಾಡುಬಸಳೆಯ ಎಲೆಯನ್ನು ಪುಸ್ತಕದ ನಡುವೆ ಇಟ್ಟು, ಅಂಚಿನಲ್ಲಿ ಮರಿಸಸಿ ಮೂಡುವುದನ್ನು ದಿನಕ್ಕೆ ಹತ್ತು ಬಾರಿ ತೆಗೆದು ನೋಡುತ್ತಿದ್ದುದೂ ಇದನ್ನೇ.

ಇನ್ನೊಂದು ದಾರಿಯಲ್ಲಿ ಇಬ್ಬರು ಬೇಕು. ಜೀವಕೋಶದ ನಡುವಿನಲ್ಲಿ ವರ್ಣತಂತುಗಳೆಂಬ ಸೂಕ್ಷ್ಮ ದಾರಗಳಿವೆ. ಹೂವಿನ ಬಣ್ಣ, ಹಣ್ಣಿನ ಸಿಹಿ, ರೋಗವನ್ನು ತಾಳುವ ಶಕ್ತಿ ಇವುಗಳ ಬರವಣಿಗೆಯೆಲ್ಲ ಅವುಗಳಲ್ಲಿದೆ. ಅವು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಪರಾಗವನ್ನೋ ಅಂಡವನ್ನೋ ರೂಪಿಸುವಾಗ ಜೋಡಿಯ ದಾರಗಳು ತಮ್ಮೊಳಗೆ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ; ಅರ್ಧಪಾಲು ಮಾತ್ರ ಮುಂದಕ್ಕೆ ಹೋಗುತ್ತದೆ. ಅತ್ತಣ ಅರ್ಧ, ಇತ್ತಣ ಅರ್ಧ ಕೂಡಿದಾಗ ಹೊಸ ಜೀವವೊಂದು ಮೊದಲಾಗುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಒಬ್ಬಳದು ಅಜ್ಜಿಯ ಮೂಗು, ಇನ್ನೊಬ್ಬಳದು ಸೋದರತ್ತೆಯ ಗುಂಗುರು ಕೂದಲು ಆಗುವುದು ಈ ಕಲಸಾಟದಿಂದ.

ನಮ್ಮ ಮದುವೆಯ ಮಂಗಲದ್ರವ್ಯಗಳನ್ನೇ ಒಮ್ಮೆ ಈ ಕಣ್ಣಿನಿಂದ ನೋಡಬೇಕು. ವೀಳ್ಯದೆಲೆಯ ಬಳ್ಳಿಯನ್ನು ಬೆಳೆಸುವುದು ಬಳ್ಳಿಯ ತುಂಡಿನಿಂದ. ಮೈಸೂರು ಮಲ್ಲಿಗೆಯನ್ನು ಬೆಳೆಸುವುದು ಕಡ್ಡಿಯಿಂದ. ಅರಿಶಿನ ಬರುವುದು ಕೊನೆಯಿಂದ. ಹೂ ಬಿಟ್ಟರೂ ಅದು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಬಾಳೆಗೆ ಕಂದು, ಕಬ್ಬಿಗೆ ಕಣ್ಣಿರುವ ತುಂಡು. ಇವೆಲ್ಲವೂ ಒಂದನೆಯ ದಾರಿಯವು. ತೆಂಗು, ಅಡಿಕೆ, ಸೇಸೆಯ ಅಕ್ಕಿ, ಈ ಮೂರು ಮಾತ್ರ ಬೀಜದ ವಂಶದವು. ಗಂಡುಹೆಣ್ಣುಗಳ ಕೂಡಿಕೆಯನ್ನು ಹರಸುವ ತಟ್ಟೆಯಲ್ಲಿ ಗಂಡುಹೆಣ್ಣಿನ ಹಂಗಿಲ್ಲದೆ ಬೆಳೆದವುಗಳೇ ಹೆಚ್ಚಾಗಿರುವುದನ್ನು ಕಂಡು ನಮಗೆ ನಗು ಬಂದುದುಂಟು.

ಈಗ ಬಾಳೆಯ ವಿಚಾರ. ನಾವು ಬಾಳೆಯ ಮರವೆನ್ನುವುದು ಮರವಲ್ಲ. ಕಾಂಡವೆಂದು ಕಾಣುವುದು ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಗಳ ಕಟ್ಟು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಆ ಗೆಡ್ಡೆಯ ಮೈಯಲ್ಲಿರುವ ಮೊಗ್ಗುಗಳೇ ಕಂದುಗಳಾಗಿ ಮೇಲೆ ಬರುತ್ತವೆ. ಗೊನೆಯ ಕಾಲ ಬಂದಾಗ ಗೆಡ್ಡೆಯ ತುದಿಯೇ ಪಟ್ಟೆಗಳ ನಡುವಿನಿಂದ ದಿಂಡಾಗಿ ಏರಿ, ತಲೆಯ ಮೇಲೆ ಹೂವಾಗಿ ಹೊರಬರುತ್ತದೆ. ಮೊದಲ ಸಾಲುಗಳಲ್ಲಿ ಹೆಣ್ಣುಹೂಗಳಿದ್ದು ಅವು ಚಿಪ್ಪುಗಳಾಗುತ್ತವೆ. ತುದಿಯ ಮೂತಿಯೊಳಗಿನವು ಗಂಡುಹೂಗಳು, ಅವುಗಳನ್ನು ನಾವು ಪಲ್ಯ ಮಾಡಿ ಉಣ್ಣುತ್ತೇವೆ. ಗಂಡಿದೆ, ಹೆಣ್ಣಿದೆ, ಜೇನುನೊಣವೂ ಬರುತ್ತದೆ, ಆದರೂ ಬೀಜವಿಲ್ಲ. ಹಣ್ಣಿನ ನಡುವೆ ಕಾಣುವ ಕರಿಯ ಚುಕ್ಕೆಗಳು ಬೀಜವಾಗಬೇಕಾಗಿದ್ದು ಆಗದೆ ಉಳಿದವು.

ಕಾರಣ ಲೆಕ್ಕದ್ದು. ಏಷ್ಯಾದ ಕಾಡುಗಳಲ್ಲಿರುವ ಮೂಲಬಾಳೆಗಳಲ್ಲಿ ಹನ್ನೊಂದರ ಎರಡು ಕಟ್ಟು, ಒಟ್ಟು 22 ವರ್ಣತಂತುಗಳು. ಅವುಗಳ ಹಣ್ಣಿನ ತುಂಬ ಹಲ್ಲು ಮುರಿಯುವಂಥ ಕರಿಯ ಬೀಜಗಳು, ತಿರುಳು ಹೆಸರಿಗಷ್ಟೇ. ಎಂದೋ ಬೇರೆ ಬೇರೆ ಕಾಡುಬಾಳೆಗಳು ಬೆರೆತಾಗ, ಅಪರೂಪಕ್ಕೆ ಮೂರು ಕಟ್ಟುಳ್ಳ, ಅಂದರೆ 33 ವರ್ಣತಂತುಗಳ ಗಿಡಗಳು ಹುಟ್ಟಿದವು. ಎರಡಿದ್ದರೆ ಜೋಡಿಯಾಗಿ ನಿಂತು ಸಮಪಾಲಾಗುತ್ತವೆ. ಮೂರನ್ನು ಎರಡು ಪಾಲು ಮಾಡುವುದೆಂತು? ಪರಾಗವೂ ಅಂಡವೂ ಕೆಡುತ್ತವೆ, ಬೀಜ ಕಟ್ಟುವುದಿಲ್ಲ. ಆದರೆ ಪರಾಗ ಬೀಳದೆಯೂ ತಿರುಳು ತುಂಬಿಕೊಳ್ಳುವ ಗುಣ ಆ ಗಿಡಗಳಿಗೆ ಬಂದಿತ್ತು. ಮನುಷ್ಯನ ನಾಲಗೆಗೆ ಇದು ಭಾಗ್ಯವಾಯಿತು. ನ್ಯೂಗಿನಿ ದ್ವೀಪದಲ್ಲಿ ಸುಮಾರು 7000 ವರ್ಷಗಳ ಹಿಂದೆಯೇ ಬಾಳೆಯ ಕೃಷಿ ನಡೆದಿತ್ತೆಂಬುದಕ್ಕೆ ಕುರುಹುಗಳು ದೊರೆತಿವೆ. ನಮ್ಮ ರಸಬಾಳೆಯಲ್ಲಿಯೂ ಮೂರು ಕಟ್ಟುಗಳೇ. ಎರಡು ಒಂದು ಕಾಡುಬಾಳೆಯ ಜಾತಿಯಿಂದ, ಮೂರನೆಯದು ಇನ್ನೊಂದು ಜಾತಿಯಿಂದ ಬಂದಿವೆ.

ಬೀಜವಿಲ್ಲದ ಮೇಲೆ ಕಂದೇ ಗತಿ. ಕಂದಿನ ಕಂದು, ಅದರ ಕಂದು ಎಂದು ತಲೆಮಾರುಗಳು ಸಾಗಿದರೂ ಅದು ಅದೇ ಒಂದು ಗಿಡ. ನಮ್ಮ ಹಿತ್ತಲಿನ ರಸಬಾಳೆ, ದೇವಾಲಯದ ಹಿಂದಿನ ತೋಟದ್ದು, ನದಿಯಾಚೆಯ ಬಂಧುಗಳ ಮನೆಯದು, ಇವೆಲ್ಲವೂ ಎಂದೋ ಇದ್ದ ಒಂದೇ ತಾಯಿಯ ಮೈಯ ತುಂಡುಗಳು. ಅಪರೂಪಕ್ಕೆ ಮೊಗ್ಗಿನಲ್ಲಿಯೇ ಸಣ್ಣ ಬದಲಾವಣೆ ಆಗುವುದುಂಟು. ಕೆಂಪು ಬಾಳೆಯ ಬುಡದಲ್ಲಿ ಒಮ್ಮೊಮ್ಮೆ ಹಸಿರು ಗೊನೆಯ ಕಂದು ಬರುತ್ತದೆಯಲ್ಲ, ಹಾಗೆ. ಉಳಿದಂತೆ ಅಜ್ಜಿ ತಿಂದ ರುಚಿಯೇ ಮೊಮ್ಮಗಳಿಗೂ ದೊರೆಯುತ್ತದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಒಂದು ಊರಿನ ಹೆಸರು ಒಂದು ಹಣ್ಣಿನ ಮೇಲೆ ನಿಲ್ಲಬೇಕಾದರೆ ಆ ಹಣ್ಣು ವರ್ಷ ವರ್ಷವೂ ಅದೇ ಹಣ್ಣಾಗಿರಬೇಕು, ಅದನ್ನು ಕಂದು ನಡೆಸಿಕೊಟ್ಟಿತು.

ಇದರ ಇನ್ನೊಂದು ಮುಖವನ್ನೇ ನಾವು ಅಕ್ಕನ ಹೊಲದಲ್ಲಿ ಕಂಡದ್ದು. ಅಲ್ಲಿ ಬಂದುದು ಪನಾಮ ಸೊರಗು ರೋಗ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಮಳೆ ಸುರಿಯುತ್ತಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಗಟ್ಟಿ ಕವಚದ ಬೀಜಕಗಳಾಗಿ ಅದು ಹಲವು ದಶಕಗಳ ಕಾಲ ಮಣ್ಣಿನಲ್ಲಿ ಕಾದಿರಬಲ್ಲದು. ಬೀಜದಿಂದ ಹುಟ್ಟಿದ ನೂರು ಗಿಡಗಳಿದ್ದರೆ ಅವುಗಳಲ್ಲಿ ನಾಲ್ಕಾದರೂ ತಾಳಿಕೊಂಡಾವು. ಕಂದಿನ ತೋಟದಲ್ಲಿ ನೂರು ಗಿಡಗಳಿಲ್ಲ, ನೂರು ಕಡೆ ನಿಂತ ಒಂದೇ ಗಿಡವಿದೆ. ಅದಕ್ಕೆ ತಾಳಲಾಗದುದು ಯಾವುದಕ್ಕೂ ತಾಳಲಾಗದು. ರಸಬಾಳೆ ಈ ರೋಗಕ್ಕೆ ತೀರ ಸುಲಭವಾಗಿ ತುತ್ತಾಗುವ ತಳಿ. ತನ್ನ ಹೆಸರು ಹೊತ್ತ ಊರಿನ ಸುತ್ತಲೇ ಅದು ಅಪರೂಪವಾಗಲು ಇದು ಮುಖ್ಯ ಕಾರಣ.

ಇದು ನಮ್ಮ ಸೀಮೆಯ ಕಥೆ ಮಾತ್ರವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಮಧ್ಯ ಅಮೆರಿಕದ ನಾಡುಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಡಗುಗಟ್ಟಲೆ ಹೊರದೇಶಕ್ಕೆ ಹೋಗುತ್ತಿದ್ದುದು ಗ್ರೋ ಮಿಶೆಲ್ ಎಂಬ ಒಂದೇ ತಳಿ. ಪನಾಮದಲ್ಲಿ ಹೆಸರು ಪಡೆದ ಈ ಸೊರಗು ರೋಗ ತೋಟದಿಂದ ತೋಟಕ್ಕೆ ನಡೆಯಿತು. ದೊಡ್ಡ ಕಂಪನಿಗಳು ಕಾಡು ಕಡಿದು ಹೊಸ ನೆಲಕ್ಕೆ ಓಡಿದವು. ಅವರ ಕಂದುಗಳೊಡನೆ ರೋಗವೂ ಓಡಿತು. 1960ರ ಹೊತ್ತಿಗೆ ಆ ತಳಿಯನ್ನು ಕೈಬಿಟ್ಟು ಕ್ಯಾವೆಂಡಿಶ್ ಗುಂಪಿನ ಬಾಳೆಗೆ ಬದಲಾಗಬೇಕಾಯಿತು. ನಾವು ಪಚ್ಚಬಾಳೆ ಎನ್ನುವುದು ಇದೇ ಗುಂಪಿನದು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಂಬಲ್ಲಿ ಡ್ಯೂಕನೊಬ್ಬನ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಬೆಳೆಸಿದ ಗಿಡ 1835ರಲ್ಲಿ ಹೂ ಬಿಟ್ಟಿತು. ಡ್ಯೂಕನ ಮನೆತನದ ಹೆಸರೇ ಬಾಳೆಗೂ ಉಳಿಯಿತು. ಹಳೆಯ ರೋಗ ಅದನ್ನು ಮುಟ್ಟಲಿಲ್ಲ. ಆದರೆ ಅದೂ ಕಂದಿನ ವಂಶದ್ದೇ ತಾನೆ! ಕ್ಯಾವೆಂಡಿಶನ್ನೂ ಕೊಲ್ಲಬಲ್ಲ ಶಿಲೀಂಧ್ರದ ಹೊಸ ಬಗೆಯೊಂದು ಆಗ್ನೇಯ ಏಷ್ಯಾದಿಂದ ಹರಡಿ, 2010ರ ದಶಕದಲ್ಲಿ ನಮ್ಮ ದೇಶದ ಬಿಹಾರ, ಉತ್ತರ ಪ್ರದೇಶಗಳಲ್ಲಿಯೂ ಕಾಣಿಸಿಕೊಂಡಿತು. 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾವನ್ನು ಮುಟ್ಟಿತು.

ಐರ್ಲೆಂಡಿನ ಆಲೂಗಡ್ಡೆಯ ಕ್ಷಾಮವನ್ನು ಓದುಗರು ಕೇಳಿರಬಹುದು. ಬಡವರ ಒಂದೇ ಆಹಾರವಾಗಿದ್ದ ಆಲೂಗಡ್ಡೆಯನ್ನು ಗೆಡ್ಡೆಯ ತುಂಡಿನಿಂದಲೇ, ಬಹುಮಟ್ಟಿಗೆ ಒಂದೇ ತಳಿಯಾಗಿ ಬೆಳೆಯುತ್ತಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದಿತು. 1852ರ ವೇಳೆಗೆ ಸುಮಾರು ಹತ್ತು ಲಕ್ಷ ಜನ ಹಸಿವು ಕಾಯಿಲೆಗಳಿಂದ ಸತ್ತರು; ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆಳುವವರ ನಿರ್ದಯೆಯೂ ಅದರಲ್ಲಿ ಸೇರಿತ್ತೆನ್ನುವುದು ಬೇರೆ ಮಾತು.

ಹಾಗಾದರೆ ಒಂಟಿಯಾಗಿ ವಂಶ ಬೆಳೆಸುವುದು ದುರ್ಬಲರ ದಾರಿಯೆಂದು ತಿಳಿಯಬೇಕೆ? ಬಾಳೆಯನ್ನು ಕೊಲ್ಲುವ ಈ ಶಿಲೀಂಧ್ರವೂ ಗಂಡುಹೆಣ್ಣಿಲ್ಲದೆಯೇ ಬೀಜಕಗಳನ್ನು ಉದುರಿಸಿ ಹೆಚ್ಚುತ್ತದೆ. ಕ್ಯಾವೆಂಡಿಶಿನ ಬೆನ್ನು ಹತ್ತಿರುವ ಹೊಸ ಬಗೆಯಂತೂ ಹರಡಿದ ಕಡೆಯಲ್ಲೆಲ್ಲ ಒಂದೇ ವಂಶದ್ದೆಂದು ಪರೀಕ್ಷಿಸಿದವರು ಹೇಳಿದ್ದಾರೆ. ಪಡಿಯಚ್ಚು ಪಡಿಯಚ್ಚನ್ನು ತಿನ್ನುತ್ತಿದೆ. ಕಾಲ ಅನುಕೂಲವಾಗಿರುವಾಗ ಸಂಗಾತಿಯನ್ನು ಹುಡುಕುವ ಶ್ರಮವಿಲ್ಲದೆ ಹಬ್ಬುವುದೇ ಲಾಭ. ಅವರೆಯ ಕುಡಿಗೆ ಮುತ್ತುವ ಕರಿಹೇನನ್ನು ನೋಡಿರಿ: ಹೆಣ್ಣು ಹೇನು ಗಂಡಿನ ನೆರವಿಲ್ಲದೆ ಹೆಣ್ಣುಮರಿಗಳನ್ನು ಈಯುತ್ತದೆ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿ ಬೆಳೆಯುತ್ತಿರುತ್ತದೆ. ಚಳಿದೇಶಗಳಲ್ಲಿ ಹಿಮ ಬೀಳುವ ಕಾಲ ಸಮೀಪಿಸಿದಾಗ ಮಾತ್ರ ಇಂಥ ಹೇನುಗಳು ಗಂಡುಗಳನ್ನೂ ಹುಟ್ಟಿಸಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ. ಮುಂದಿನ ವಸಂತ ಹೇಗಿರುವುದೋ ತಿಳಿಯದಿದ್ದಾಗ ಬಗೆಬಗೆಯ ಮಕ್ಕಳಿರುವುದು ಲೇಸು.

ಬೀಜದ ವಂಶಕ್ಕೂ ಅದರದೇ ಆದ ನಷ್ಟವಿದೆ. ಬಾದಾಮಿ ಮಾವನ್ನು ತಿಂದು ಅದರ ಓಟೆಯನ್ನು ಹಿತ್ತಲಿನಲ್ಲಿ ನೆಟ್ಟವರು ಬಲ್ಲರು. ಎಂಟು ವರ್ಷ ನೀರೆರೆದ ಮೇಲೆ ಬಿಡುವುದು ಹುಳಿನಾರು. ಆದುದರಿಂದಲೇ ಮಾವಿಗೆ ಕಸಿ ಕಟ್ಟುವುದು. ಕಸಿಯೂ ಒಂದು ಬಗೆಯ ಕಂದೇ, ಬೇರೆಯವರ ಬೇರಿನ ಮೇಲೆ ಕುಳಿತದ್ದು. ತೆಂಗಿಗೆ ಆ ಉಪಾಯವೂ ಇಲ್ಲ. ನಮ್ಮ ಎತ್ತರದ ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡುಹೂ ಹೆಣ್ಣುಹೂ ಎರಡೂ ಇದ್ದರೂ, ಗಂಡುಹೂಗಳು ಮೊದಲೇ ಅರಳಿ ಉದುರಿಹೋಗುತ್ತವೆ. ಹೆಣ್ಣುಹೂ ಅರಳುವ ಹೊತ್ತಿಗೆ ಸಾಮಾನ್ಯವಾಗಿ ಬೇರೆ ಮರದ ಪರಾಗ ಗಾಳಿಯಲ್ಲಿಯೋ ಜೇನಿನ ಕಾಲಿನಲ್ಲಿಯೋ ಬರಬೇಕು. ತಾಯಿಮರ ಎಷ್ಟೇ ಒಳ್ಳೆಯದಿರಲಿ, ತಂದೆ ಯಾರೆಂಬುದು ತೋಟದ ಯಜಮಾನನಿಗೂ ತಿಳಿಯದು. ಒಂದೇ ಮರದ ಕಾಯಿಗಳಿಂದ ಎಬ್ಬಿಸಿದ ಸಸಿಗಳಲ್ಲಿ ಒಂದು ನೂರು ಕಾಯಿ ಬಿಟ್ಟರೆ ಇನ್ನೊಂದು ಮೂವತ್ತಕ್ಕೆ ನಿಲ್ಲುತ್ತದೆ. ಪಶ್ಚಿಮಘಟ್ಟದ ಬಂಡೆಗಳ ಸಂದಿಯಲ್ಲಿ ಕಲ್ಲುಬಾಳೆ ಎಂಬ ಗಿಡವಿದೆ. ನೋಡಲು ಬಾಳೆಯೇ, ಬಾಳೆಯ ದಾಯಾದಿ. ಅದು ಕಂದು ಹಾಕುವುದೇ ಇಲ್ಲ. ಒಮ್ಮೆ ಹೂ ಬಿಟ್ಟು, ಹಣ್ಣಿನ ತುಂಬ ಬೀಜ ತುಂಬಿ ಸಾಯುತ್ತದೆ. ಒಂದೇ ಮನೆತನದ ಎರಡು ಕವಲುಗಳು ಹೀಗೆ ಎರಡು ದಾರಿಗಳನ್ನು ಹಿಡಿದಿವೆ.

ಎರಡನ್ನೂ ಕೂಡಿಸಿಕೊಂಡು ಗೆದ್ದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಕಬ್ಬನ್ನು ರೈತರು ತುಂಡಿನಿಂದ, ಕೂಳೆಯಿಂದ ಬೆಳೆಯುತ್ತಾರೆ. ಸೂಲಂಗಿ ಮೂಡಿದರೆ ಇಳುವರಿ ಕೆಟ್ಟಿತೆಂದು ಬೇಸರಪಡುತ್ತಾರೆ. ಆ ಸೂಲಂಗಿಯೇ ಕಬ್ಬಿನ ಹೂ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಸಂಶೋಧನಾ ಕೇಂದ್ರ ಆರಂಭವಾದಾಗ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಎಂಬ ವಿಜ್ಞಾನಿಗಳು ಆ ಹೂವನ್ನು ಬೇರೆ ಕಣ್ಣಿನಿಂದ ನೋಡಿದರು. ರಸಭರಿತವಾದ ಸಾಕಿದ ಕಬ್ಬಿಗೆ, ಹುಲ್ಲಿನಂತೆ ತೆಳ್ಳಗಿದ್ದರೂ ಚಳಿ, ಬರ, ರೋಗಗಳಿಗೆ ಜಗ್ಗದ ಕಾಡುಕಬ್ಬಿನ ಪರಾಗವನ್ನು ಕೂಡಿಸಿದರು. ನಯವಾದ ಹತ್ತಿಯಂಥ ತುಪ್ಪುಳದಲ್ಲಿ ಅಡಗಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಗಳನ್ನು ಮೊಳೆಯಿಸಿ, ಹುಟ್ಟಿದ ಸಸಿಗಳಲ್ಲಿ ಒಂದನ್ನು ಆರಿಸಿ 1918ರಲ್ಲಿ ‘ಕೋ 205’ ಎಂದು ರೈತರಿಗೆ ಕೊಟ್ಟರು. ‘ಕೋ’ ಎಂದರೆ ಕೊಯಮತ್ತೂರು. ಬೀಜದಿಂದ ಹೊಸದನ್ನು ಪಡೆದು, ಬಳಿಕ ತುಂಡಿನಿಂದ ಅದನ್ನು ಲಕ್ಷಗಟ್ಟಲೆ ಎಕರೆಗೆ ಹಬ್ಬಿಸಿದರು. ಮಂಡ್ಯದ ಬಯಲಿನಲ್ಲಿ ಬಹುಕಾಲ ಮೆರೆದ ಕೋ 419 ಸಹ ಆ ಕೇಂದ್ರದ ಕೂಸೇ. ನಾವು ಕಾಫಿಗೆ ಹಾಕುವ ಸಕ್ಕರೆಯ ಹಿಂದೆ ಒಂದು ಕಾಡುಹುಲ್ಲಿನ ಪರಾಗವಿದೆಯೆನ್ನುವುದು ಎಷ್ಟು ಮಂದಿಗೆ ಗೊತ್ತು?

ಬಾಳೆಗೆ ಇದನ್ನೇ ಮಾಡಬಾರದೇ ಎಂದು ಓದುಗರು ಕೇಳಬಹುದು. ಮಾಡುತ್ತಿದ್ದಾರೆ, ಆದರೆ ಬೀಜವನ್ನೇ ಮರೆತ ಗಿಡದಿಂದ ಬೀಜ ಪಡೆಯಬೇಕು. ಕೈಯಿಂದ ಕಾಡುಬಾಳೆಯ ಪರಾಗವನ್ನು ಹಚ್ಚಿ, ಗೊನೆಗಳನ್ನು ಹಣ್ಣುಮಾಡಿ, ತಿರುಳನ್ನು ಹಿಚುಕಿ ಸೋಸಿದರೆ ಒಂದಿಡೀ ಗೊನೆಯಲ್ಲಿ ಒಂದು ಬೀಜ ಸಿಕ್ಕರೆ ಪುಣ್ಯ. ನಮ್ಮ ದೇಶದಲ್ಲಿ 1993ರಲ್ಲಿ ತಿರುಚಿರಾಪಳ್ಳಿಯಲ್ಲಿ ಬಾಳೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಬೆಲ್ಜಿಯಮ್ಮಿನ ಲೂವೆನ್ ನಗರದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಬಗೆಯ ಬಾಳೆಗಳನ್ನು ಗಾಜಿನ ನಳಿಗೆಗಳಲ್ಲಿ ಕಾಪಾಡಿದ್ದಾರೆ. ತೈವಾನಿನವರು ಅಂಗಾಂಶ ಕೃಷಿಯಲ್ಲಿ ಅಕಸ್ಮಾತ್ತಾಗಿ ಬದಲಾದ ಸಸಿಗಳಲ್ಲಿ ಸೊರಗನ್ನು ಸ್ವಲ್ಪ ತಾಳುವಂಥವನ್ನು ಆರಿಸಿಕೊಂಡರು. 2024ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅನುಮತಿ ಕೊಟ್ಟ ಕುಲಾಂತರಿ ಕ್ಯಾವೆಂಡಿಶಿನಲ್ಲಿ ಸೇರಿಸಿರುವುದು, ಬೀಜ ತುಂಬಿದ ಒಂದು ಕಾಡುಬಾಳೆಯ ಗುಣವಾಹಕವನ್ನೇ. ತಿನ್ನಲಾಗದೆಂದು ನಾವು ಬಿಟ್ಟುಬಂದ ದಾಯಾದಿಯ ಮನೆಗೆ ಮತ್ತೆ ಸಾಲಕ್ಕೆ ಹೋದಂತಾಯಿತು.

ಈಗ ಅವ್ವನ ಕೈಗೆ ಮರಳೋಣ. ರೋಗ ತಗಲಿದ ಬುಡದ ಕಂದು ಮೇಲ್ನೋಟಕ್ಕೆ ಹಸಿರಾಗಿ, ಕೊಬ್ಬಿದಂತೆ ಕಾಣುವುದುಂಟು; ಶಿಲೀಂಧ್ರ ಗೆಡ್ಡೆಯೊಳಗೂ ಅಂಟಿದ ಮಣ್ಣಿನಲ್ಲಿಯೂ ಇರುತ್ತದೆ. ನಮ್ಮ ಹಿತ್ತಲಿನಲ್ಲಿ ಆ ವರ್ಷವೇ ಎರಡು ಬುಡಗಳು ಹಳದಿಯಾಗಿದ್ದುದನ್ನು ನಾವು ಕಂಡಿದ್ದೆವು. ಬಿಸಿಲಿನ ಝಳವೆಂದುಕೊಂಡೆವು. ಕಂದು ಅಗೆಯಲು ಗುದ್ದಲಿ ಹಿಡಿದವರೂ ನಾವೇ. ಅವ್ವ ಆರಿಸಿ ತೋರಿಸಿದರಷ್ಟೇ. ಆದುದರಿಂದ ಸತ್ಯವನ್ನು ಹೇಳುವುದಾದರೆ, ರೋಗ ಅಕ್ಕನ ಮನೆಗೆ ಹೋದುದು ತವರಿನ ಗೋಣಿತಾಟಿನಲ್ಲಿಯೇ. ಭಾವನವರ ತಾಯಿಯ ಮಾತು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆದರೆ ಅದು ಕೈಯ ಗುಣವಲ್ಲ, ಕಣ್ಣು ಅರಿಯದುದು. ಇದನ್ನು ಅವ್ವನಿಗೆ ಕೂರಿಸಿಕೊಂಡು ತಿಳಿಸಿ ಹೇಳಬಹುದಾಗಿತ್ತು. ನಮಗೇ ಇದು ತಿಳಿದುದು ಅವರು ಹೋದ ಮೇಲೆ, ತೋಟಗಾರಿಕೆಯ ಅಧಿಕಾರಿಯೊಬ್ಬರು ಗೆಡ್ಡೆಯನ್ನು ಸೀಳಿ ತೋರಿಸಿದಾಗ.

ಹಿತ್ತಲಿನಲ್ಲಿ ಬಾಳೆಯಿರುವ ಮನೆಗಳವರಿಗೆ ಆ ಅಧಿಕಾರಿಗಳು ಹೇಳಿದುದನ್ನು ಇಲ್ಲಿ ತಿಳಿಸುವುದು ನಮ್ಮ ಕರ್ತವ್ಯ. ಒಂದು ಬುಡ ಸೊರಗಿದರೂ ಆ ಹಿತ್ತಲಿನ ಕಂದನ್ನು ಯಾರಿಗೂ ಕೊಡಬಾರದು, ಎಷ್ಟೇ ಬೇಕಾದವರಿಗಾದರೂ. ಅಲ್ಲಿ ಅಗೆದ ಗುದ್ದಲಿಯನ್ನು ಮಣ್ಣು ಹೋಗುವಂತೆ ತೊಳೆಯದೆ ಬೇರೆ ಹೊಲಕ್ಕೆ ಒಯ್ಯಬಾರದು. ಅಲ್ಲಿಂದ ಹರಿದ ನೀರು ಪಕ್ಕದ ತೋಟಕ್ಕೆ ಹೋಗಬಾರದು. ಅದೇ ಗುಂಡಿಯಲ್ಲಿ ಮತ್ತೆ ರಸಬಾಳೆಯನ್ನಾಗಲಿ ಏಲಕ್ಕಿ ಬಾಳೆಯನ್ನಾಗಲಿ ಹಾಕಿದರೆ ಫಲವಿಲ್ಲ. ಅಂಗಾಂಶ ಕೃಷಿಯ ಸಸಿ ಶುದ್ಧವಾಗಿ ಬರುತ್ತದೆ, ನಿಜ. ರೋಗವಿರುವ ಮಣ್ಣಿಗೆ ಇಳಿದರೆ ಅದೂ ಸಾಯುತ್ತದೆ, ಏಕೆಂದರೆ ಅದೂ ಅದೇ ತಾಯಿಯ ಪಡಿಯಚ್ಚು. ಈ ಕೊನೆಯ ಮಾತನ್ನು ಸಸಿ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ನೀರಿನ ಅನುಕೂಲವಿದ್ದವರು ಕೆಲವು ಕಾಲ ಭತ್ತ ಹಾಕಿ ನೆಲವನ್ನು ನೀರಿನಲ್ಲಿ ನಿಲ್ಲಿಸುವುದುಂಟು. ಅದರಿಂದ ರೋಗದ ಬಲ ತಗ್ಗುತ್ತದೆ, ತೀರುವುದಿಲ್ಲ.

ಭಾವನವರು ಆ ಹತ್ತು ಗುಂಟೆಯಲ್ಲಿ ಈಗ ಪಚ್ಚಬಾಳೆ ಬೆಳೆಯುತ್ತಾರೆ. ಹಳೆಯ ಸೊರಗು ಅದನ್ನು ಮುಟ್ಟಿಲ್ಲ. ಹೊಸ ಬಗೆಯ ಸುದ್ದಿಯನ್ನು ನಾವು ಹೇಳಿದ ಮೇಲೆ, ಹೊರಗಿನಿಂದ ಬಂದ ಕಂದನ್ನು ಬೇಲಿಯೊಳಗೆ ಬಿಡುತ್ತಿಲ್ಲ.

ಮದುವೆ ಮುಗಿದು ಹೆಣ್ಣನ್ನು ಕಳುಹಿಸಿಕೊಡುವ ದಿನ ಅಕ್ಕ ಮಗಳ ಮಡಿಲಕ್ಕಿಯ ಜೊತೆಗೆ ಏನಾದರೂ ಗಿಡ ಕೊಡಲೇಬೇಕೆಂದು ಹಟ ಹಿಡಿದಳು. ಏನು ಕೊಡುವುದೆಂದು ನಮ್ಮನ್ನೇ ಕೇಳಿದಳು. ನಮ್ಮ ಹಿತ್ತಲಿನ ಹಳೆಯ ತೆಂಗಿನಮರದ ಕಾಯಿಗಳಿಂದ ಎಬ್ಬಿಸಿದ ಎರಡು ಸಸಿಗಳನ್ನು ಕೊಟ್ಟೆವು. ಆ ಮರವನ್ನು ನೆಟ್ಟವರು ಅವ್ವ. ಬೀಗರ ಮನೆಯ ಬಾವಿಯ ಬಳಿ ಅವು ಬೇರೂರಿವೆ, ಹೊಸ ಗರಿ ಬಿಟ್ಟಿವೆ ಎಂದು ಮೊನ್ನೆ ಪತ್ರ ಬಂದಿತು. ತಾಯಿಮರದ ಕಾಯಿ ದುಂಡಗೆ, ತಿರುಳು ದಪ್ಪ. ಈ ಎರಡರ ತಂದೆ ಯಾವ ತೋಟದ ಮರವೋ ನಾವರಿಯೆವು. ಹೊಂಬಾಳೆ ಒಡೆಯಲು ಇನ್ನು ಆರೇಳು ವರ್ಷ ಬೇಕು.